ಎಣ್ಣೆ-ನೀರನ್ನು ಒಂದಾಗಿಸುವುದು ಯಾವುದು? ಕ್ರೀಮ್ ಹಚ್ಚುವ ಮುನ್ನ ತಿಳಿಯಿರಿ

ಕಳೆದ ಚಳಿಗಾಲದಲ್ಲಿ ದೇವನಹಳ್ಳಿ ತಾಲೂಕಿನ ವಿಜಯಪುರದ ಕಡೆಯಿಂದ ಒಬ್ಬ ಮಹಿಳೆ ನನ್ನ ದವಾಖಾನೆಗೆ ಬಂದಿದ್ದರು. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವುದು ಅವರ ಕೆಲಸ. ದಿನವಿಡೀ ಕೈ ಬಿಸಿನೀರಲ್ಲೇ ಇರಬೇಕು. ಬೆರಳ ಸಂದಿಗಳೆಲ್ಲ ಬಿರಿದು, ಎರಡು ಕಡೆ ಕೀವು ತುಂಬಿತ್ತು. ಏನು ಹಚ್ಚುತ್ತಿದ್ದೀರಿ ಎಂದು ಕೇಳಿದಾಗ ಚೀಲದಿಂದ ಒಂದು ಡಬ್ಬಿ ತೆಗೆದರು. "ಹಕೀಮ್ ಸಾಬ್, ಇದರಲ್ಲಿ ಕೆಮಿಕಲ್ ಒಂದೂ ಇಲ್ಲ. ಸೊಸೆ ಮೊಬೈಲಲ್ಲಿ ನೋಡಿ ಮನೆಯಲ್ಲೇ ಮಾಡಿದ್ದು" ಎಂದರು.

ಮುಚ್ಚಳ ತೆರೆದೆ. ಮೇಲೆ ಕೊಬ್ಬರಿ ಎಣ್ಣೆ ಗಟ್ಟಿಯಾಗಿ ನಿಂತಿತ್ತು. ಕೆಳಗೆ ಲೋಳೆಸರದ ತಿಳಿ, ಗುಲಾಬಿ ನೀರು. ಅಂಚಿನಲ್ಲಿ ಬೂಸ್ಟು ಕಟ್ಟಿತ್ತು. ಬಿರಿದ ಚರ್ಮಕ್ಕೆ ಮೂರು ವಾರದಿಂದ ಹಚ್ಚುತ್ತಿದ್ದದ್ದು ಇದನ್ನೇ. ಮೊದಲು ಅದನ್ನು ನಿಲ್ಲಿಸಿದೆ. ಕೀವಿಗಾಗಿ ತಾಲೂಕು ಆಸ್ಪತ್ರೆಗೆ ಕಳಿಸಿದೆ. ಗಾಯ ಮಾಗಲು ಎರಡು ವಾರ ಹಿಡಿಯಿತು. ಅಷ್ಟು ದಿನದ ಕೂಲಿಯೂ ಹೋಯಿತು.

ಸೊಸೆಯ ಉದ್ದೇಶ ಒಳ್ಳೆಯದೇ ಆಗಿತ್ತು. ಆಕೆಗೆ ತಿಳಿಯದಿದ್ದದ್ದು ಒಂದೇ: ಎಣ್ಣೆ ಮತ್ತು ನೀರು ತಾವಾಗಿ ಎಂದೂ ಒಂದಾಗುವುದಿಲ್ಲ. ಮಿಕ್ಸಿಯಲ್ಲಿ ತಿರುವಿದಾಗ ಬೆಳ್ಳಗೆ ನೊರೆಯಂತೆ ಕಾಣುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅವು ಮತ್ತೆ ಬೇರೆಯಾಗುತ್ತವೆ. ಅವೆರಡನ್ನೂ ಹಿಡಿದಿಡಲು ಮೂರನೆಯ ವಸ್ತು ಬೇಕು. ಅದರ ಹೆಸರು ಎಮಲ್ಸಿಫೈಯರ್.

ಅಡುಗೆಮನೆಯಲ್ಲೇ ಉದಾಹರಣೆ ಇದೆ

ಎಮಲ್ಸಿಫೈಯರ್‌ನ ಕಣಕ್ಕೆ ಎರಡು ಮುಖ. ಒಂದು ನೀರಿನ ಕಡೆಗೆ, ಇನ್ನೊಂದು ಎಣ್ಣೆಯ ಕಡೆಗೆ ಒಲಿದಿರುತ್ತದೆ. ಎಣ್ಣೆಯ ಹನಿಗಳ ಸುತ್ತ ಇದು ಹೊದಿಕೆಯಾಗಿ ನಿಂತು, ಒಂದು ಹನಿ ಇನ್ನೊಂದಕ್ಕೆ ಸೇರದಂತೆ ತಡೆಯುತ್ತದೆ. ಹಾಲು ಇಂಥದೇ ಮಿಶ್ರಣ. ನೀರಿನಲ್ಲಿ ಕೊಬ್ಬಿನ ಹನಿಗಳು ತೇಲುತ್ತಿದ್ದರೂ ನಮಗೆ ಕಾಣುವುದು ಒಂದೇ ಬಿಳಿ ದ್ರವ. ಮೊಸರು ಕಡೆದಾಗ ಆ ಹೊದಿಕೆ ಒಡೆದು ಕೊಬ್ಬು ಒಂದುಗೂಡುತ್ತದೆ, ಬೆಣ್ಣೆ ಬರುತ್ತದೆ. ಬೆಣ್ಣೆಯಲ್ಲಿ ಲೆಕ್ಕ ತಿರುವುಮುರುವು: ಕೊಬ್ಬಿನೊಳಗೆ ನೀರಿನ ಹನಿಗಳು.

ಕ್ರೀಮ್‌ಗಳಲ್ಲೂ ಈ ಎರಡು ಬಗೆ. ನೀರಿನಲ್ಲಿ ಎಣ್ಣೆಯಿದ್ದರೆ ಹಗುರ, ಬೇಗ ಇಂಗುತ್ತದೆ, ತೊಳೆದರೆ ಹೋಗುತ್ತದೆ. ವ್ಯಾನಿಶಿಂಗ್ ಕ್ರೀಮ್ ಈ ಜಾತಿಯದು. ಎಣ್ಣೆಯಲ್ಲಿ ನೀರಿದ್ದರೆ ಜಿಡ್ಡು ಹೆಚ್ಚು. ಒಣ ಚರ್ಮಕ್ಕೆ ಇದೇ ಒಳ್ಳೆಯದು. ಯಾವ ಕ್ರೀಮ್‌ಗೆ ಯಾವ ಎಮಲ್ಸಿಫೈಯರ್ ಹೊಂದುತ್ತದೆ ಎಂದು ಅಳೆಯಲು ಅಮೆರಿಕದ ಗ್ರಿಫಿನ್ 1949ರಲ್ಲಿ ಒಂದು ಅಂಕಿಪಟ್ಟಿ ಕೊಟ್ಟರು. ಸುಮಾರು 3ರಿಂದ 6 ಅಂಕದವು ಎಣ್ಣೆಯಲ್ಲಿ ನೀರನ್ನು, 8ರಿಂದ 18ರವು ನೀರಿನಲ್ಲಿ ಎಣ್ಣೆಯನ್ನು ಹಿಡಿದಿಡುತ್ತವೆ. ಕಾರ್ಖಾನೆಗಳು ಇಂದಿಗೂ ಇದನ್ನು ಬಳಸುತ್ತವೆ.

ಜಾಲೀನೂಸ್‌ನಿಂದ ಮಾಕಳಿಯವರೆಗೆ

ಯುನಾನಿಯವರಾದ ನಮಗೆ ಈ ವಿಷಯ ಹೊಸತಲ್ಲ. ಎರಡನೇ ಶತಮಾನದ ಜಾಲೀನೂಸ್ ಜೇನುಮೇಣ, ಆಲಿವ್ ಎಣ್ಣೆ ಮತ್ತು ಗುಲಾಬಿ ನೀರು ಸೇರಿಸಿ ಮಾಡಿದ ಲೇಪವೇ ಇಂದಿನ ಕೋಲ್ಡ್ ಕ್ರೀಮ್‌ನ ಅಜ್ಜ. ಹಚ್ಚಿದಾಗ ನೀರು ಆವಿಯಾಗಿ ಚರ್ಮ ತಣ್ಣಗಾಗುತ್ತದೆ, ಅದಕ್ಕೇ ಆ ಹೆಸರು. ಆದರೆ ಆ ಲೇಪ ಬಹಳ ದಿನ ನಿಲ್ಲುತ್ತಿರಲಿಲ್ಲ, ನೀರು ಬಿಡುತ್ತಿತ್ತು. ಮುಂದೆ 19ನೇ ಶತಮಾನದಲ್ಲಿ ಅದಕ್ಕೆ ಬಿಳಿಗಾರ, ಅಂದರೆ ಬೋರಾಕ್ಸ್ ಸೇರಿಸಿದರು. ಮೇಣದಲ್ಲಿರುವ ಆಮ್ಲದೊಡನೆ ಬಿಳಿಗಾರ ಕೂಡಿ ಒಂದು ಬಗೆಯ ಸೋಪಾಗುತ್ತದೆ. ಆ ಸೋಪೇ ಎಮಲ್ಸಿಫೈಯರ್. (ಬಿಳಿಗಾರವನ್ನು ಮನೆಯಲ್ಲಿ ಬಳಸಬೇಡಿ. ಒಡೆದ ಚರ್ಮಕ್ಕೂ ಹಸುಗೂಸುಗಳಿಗೂ ಅದು ಹಾನಿ.)

ನಮ್ಮ ಗ್ರಂಥಗಳಲ್ಲಿ ಬರುವ ಕೈರೂತಿಯಲ್ಲಿ ಮೇಣ ಮತ್ತು ರೋಗನ್ ಅಂದರೆ ಎಣ್ಣೆ ಮುಖ್ಯ. ನೀರು ಬೆರೆಸದ ಲೇಪ ಬೇರೆಯಾಗುವ ಭಯವಿಲ್ಲ, ಬೇಗ ಕೆಡುವುದೂ ಇಲ್ಲ. ಈ ಮಾತನ್ನು ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಇಂದು ಕ್ರೀಮ್ ತಯಾರಿಕೆ ನಮ್ಮ ನೆರೆಯಲ್ಲೇ ನಡೆಯುತ್ತದೆ. ನೆಲಮಂಗಲಕ್ಕೆ ಹೋಗುವ ತುಮಕೂರು ರಸ್ತೆಯ ಮಾಕಳಿಯಲ್ಲಿ ಹಿಮಾಲಯ ಕಂಪನಿ ಇದೆ. 1930ರಲ್ಲಿ ಮುಹಮ್ಮದ್ ಮನಾಲ್ ಅವರು ಆರಂಭಿಸಿದ ಸಂಸ್ಥೆ ಅದು. ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಯುನಾನಿ ಔಷಧ ತಯಾರಿಕೆಯನ್ನೇ ಒಂದು ವಿಷಯವಾಗಿ ಕಲಿಸುತ್ತಾರೆ.

ಪೊಟ್ಟಣದ ಮೇಲಿನ ಹೆಸರುಗಳು

"ಸೀಟೈಲ್ ಆಲ್ಕೋಹಾಲ್ ಎಂದು ಬರೆದಿದೆ, ಇದನ್ನು ಹಚ್ಚಿಕೊಂಡು ನಮಾಝ್ ಮಾಡಬಹುದೇ?" ಎಂದು ಅನೇಕರು ಕೇಳುತ್ತಾರೆ. ಸೀಟೈಲ್, ಸೀಟೋಸ್ಟಿಯರಿಲ್ ಆಲ್ಕೋಹಾಲ್‌ಗಳು ಅಮಲಿನ ಮದ್ಯವಲ್ಲ. ಮೇಣದ ಹಾಗೆ ಬೆಳ್ಳಗಿನ ಗಟ್ಟಿ ವಸ್ತುಗಳು. ರಸಾಯನಶಾಸ್ತ್ರದ ವರ್ಗೀಕರಣದಿಂದ ಮಾತ್ರ ಆ ಹೆಸರು ಬಂದಿದೆ. ಫ್ರಾನ್ಸಿನ ಶೆವ್ರೆಲ್ 1817ರಲ್ಲಿ ಸೀಟೈಲನ್ನು ತಿಮಿಂಗಿಲದ ಮೇಣದಿಂದ ಬೇರ್ಪಡಿಸಿದರು. ಈಗ ಹೆಚ್ಚಾಗಿ ತಾಳೆ ಎಣ್ಣೆ, ಕೊಬ್ಬರಿ ಎಣ್ಣೆಗಳಿಂದ ಬರುತ್ತದೆ.

ನಿಜವಾಗಿ ವಿಚಾರಿಸಬೇಕಾದದ್ದು ಸ್ಟಿಯರಿಕ್ ಆಮ್ಲ, ಗ್ಲಿಸರಿಲ್ ಸ್ಟಿಯರೇಟ್, ಪಾಲಿಸೋರ್ಬೇಟ್‌ಗಳ ಬಗ್ಗೆ. ಇವು ಸಸ್ಯದ ಎಣ್ಣೆಯಿಂದಲೂ ಪ್ರಾಣಿಯ ಕೊಬ್ಬಿನಿಂದಲೂ ಬರಬಹುದು. ಹೆಸರು ನೋಡಿ ಮೂಲ ತಿಳಿಯದು. ಕೆಲವು ಪೊಟ್ಟಣಗಳ ಮೇಲೆ ಹಸಿರು ಅಥವಾ ಕಂದು ಚುಕ್ಕೆ ಇರುತ್ತದೆ. ಇಲ್ಲದಿದ್ದರೆ ಕಂಪನಿಗೆ ಬರೆದು ಕೇಳಿ, ಅದು ನಿಮ್ಮ ಹಕ್ಕು. ಮೂಲ ವಸ್ತು ಪೂರ್ತಿ ಬದಲಾದ ಮೇಲೆ ವಿಧಿ ಏನು ಎಂಬುದರಲ್ಲಿ ವಿದ್ವಾಂಸರಲ್ಲೇ ಭಿನ್ನಾಭಿಪ್ರಾಯವಿದೆ. ಅದನ್ನು ನಿಮ್ಮ ಆಲಿಮರಲ್ಲಿ ಕೇಳಿರಿ, ವೈದ್ಯನಲ್ಲಿ ಅಲ್ಲ. ಜಿಡ್ಡಿನ ಮುಲಾಮು ದಪ್ಪಗೆ ಹಚ್ಚಿದ್ದರೆ ವುಝೂಗೆ ಮೊದಲು ತೊಳೆದುಕೊಂಡು, ನಂತರ ಮತ್ತೆ ಹಚ್ಚಿದರಾಯಿತು.

ಇನ್ನೊಂದು ಹೆಸರು ಸೋಡಿಯಂ ಲಾರಿಲ್ ಸಲ್ಫೇಟ್. ಇದು ಬಲವಾದ ಎಮಲ್ಸಿಫೈಯರ್, ಆದರೆ ಒರಟು. ಇದಿರುವ 'ಅಕ್ವಿಯಸ್ ಕ್ರೀಮ್' ಇಸಬು ಇರುವ ಮಕ್ಕಳ ಚರ್ಮಕ್ಕೆ ಉರಿ ತರಬಹುದು ಎಂದು 2013ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿತು. ಮಗುವಿಗೆ ಇಸಬು ಇದ್ದರೆ ಪೊಟ್ಟಣದ ಮೇಲೆ ಈ ಹೆಸರನ್ನು ಹುಡುಕಿ.

ಕ್ರೀಮ್ ಒಡೆದಿದ್ದರೆ

ನೀರು ಬಿಟ್ಟಿದ್ದರೆ, ಎಣ್ಣೆ ತೇಲಿದ್ದರೆ, ತರಿತರಿಯಾಗಿದ್ದರೆ, ವಾಸನೆ ಅಥವಾ ಬಣ್ಣ ಬದಲಾಗಿದ್ದರೆ ಆ ಕ್ರೀಮ್ ಕೆಟ್ಟಿದೆ. ಕಲಕಿ ಹಚ್ಚಬೇಡಿ. ಔಷಧದ ಕ್ರೀಮ್ ಆಗಿದ್ದರೆ ಅಪಾಯ ಇನ್ನೂ ಹೆಚ್ಚು. ಮದ್ದು ಎಲ್ಲ ಕಡೆ ಸಮನಾಗಿ ಉಳಿದಿರುವುದಿಲ್ಲ. ಒಂದು ಬೆರಳಿಗೆ ಏನೂ ಬರದು, ಇನ್ನೊಂದಕ್ಕೆ ಮಿತಿಮೀರಿ ಬಂದೀತು. ಒಲೆಯ ಪಕ್ಕ, ಬಿಸಿಲು ಬೀಳುವ ಕಿಟಕಿ, ನಿಲ್ಲಿಸಿದ ಕಾರು ಇವು ಕ್ರೀಮ್ ಇಡುವ ಜಾಗಗಳಲ್ಲ. ಒದ್ದೆ ಬೆರಳನ್ನು ಡಬ್ಬಿಗೆ ಅದ್ದಬೇಡಿ. ಕೊಳ್ಳುವಾಗ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಸಬೇಕಾದ ಕೊನೆಯ ದಿನಾಂಕ ನೋಡಿ. ಹೆಸರಿಲ್ಲದ ಡಬ್ಬಿ ಎಷ್ಟೇ ಅಗ್ಗವಾದರೂ ಬೇಡ.

ಮನೆಯಲ್ಲೇ ಮಾಡುವುದಾದರೆ

ನೀರು, ಲೋಳೆಸರ, ಗುಲಾಬಿ ನೀರು ಸೇರಿದ ಕ್ರೀಮ್ ಮನೆಯಲ್ಲಿ ಮಾಡಬೇಡಿ. ನೀರಿರುವಲ್ಲಿ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಎಮಲ್ಸಿಫೈಯರ್ ಜೊತೆ ಸಂರಕ್ಷಕವೂ ಬೇಕಾಗುತ್ತದೆ, ಅದರ ಅಳತೆ ಕಣ್ಣಂದಾಜಿಗೆ ಸಿಗುವಂಥದಲ್ಲ. ಬದಲಿಗೆ ನೀರಿಲ್ಲದ ಮುಲಾಮು ಮಾಡಿಕೊಳ್ಳಿ. ಒಂದು ಪಾಲು ಶುದ್ಧ ಜೇನುಮೇಣ, ನಾಲ್ಕು ಪಾಲು ಎಳ್ಳೆಣ್ಣೆ ಅಥವಾ ಬಾದಾಮಿ ಎಣ್ಣೆ. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಕರಗಿಸಿ, ಕಲಕುತ್ತಾ ಆರಿಸಿ, ಒಣಗಿದ ಡಬ್ಬಿಗೆ ತುಂಬಿ. ಮೊದಲ ಬಾರಿ ಮುಂಗೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ, ಎರಡು ಮೂರು ದಿನ ಕೆರೆತ, ಕೆಂಪು ಬಾರದಿದ್ದರೆ ಮುಂದುವರಿಸಿ. ಕೈ ತೊಳೆದು ಒರೆಸಿ, ಇನ್ನೂ ತೇವ ಇರುವಾಗಲೇ ಹಚ್ಚಿದರೆ ಗುಣ ಹೆಚ್ಚು. ಕೀವು, ರಸಿಕೆ, ಜ್ವರ ಇದ್ದರೆ ಮಾತ್ರ ಮನೆಮದ್ದು ಬೇಡ, ವೈದ್ಯರಲ್ಲಿಗೆ ಬನ್ನಿ.

ವಿಜಯಪುರದ ಆ ತಾಯಿ ಈಗ ಕೆಲಸ ಮುಗಿಸಿದ ಮೇಲೆ ಕೈ ತೊಳೆದು ಇದನ್ನೇ ಹಚ್ಚುತ್ತಾರೆ. ಮಾಡಿಕೊಡುವವಳು ಅದೇ ಸೊಸೆ.