ಏಳು ವಿಭಕ್ತಿಗಳೂ ಇಂಗ್ಲಿಷಿನ ಪ್ರಿಪೊಸಿಷನ್ನುಗಳೂ

ಕುಣಿಗಲ್ ಕಡೆಯ ಹಳ್ಳಿಯೊಂದರಿಂದ ಬಂದು ತುಮಕೂರಿನಲ್ಲಿ ಓದುತ್ತಿರುವ ವಿದ್ಯಾರ್ಥಿಯೊಬ್ಬನು ವಿದ್ಯಾರ್ಥಿವೇತನಕ್ಕಾಗಿ ಇಂಗ್ಲಿಷಿನಲ್ಲಿ ಅರ್ಜಿ ಬರೆಯುತ್ತಾನೆಂದು ಇಟ್ಟುಕೊಳ್ಳಬಹುದು. ಅದರ ಮೊದಲ ವಾಕ್ಯ ಬಹುಮಟ್ಟಿಗೆ ಹೀಗಿರುತ್ತದೆ: ‘ಐ ಆಮ್ ಸ್ಟಡಿಯಿಂಗ್ ಇನ್ ತುಮಕೂರು ಸಿನ್ಸ್ ಟೂ ಇಯರ್ಸ್.’ ಸ್ಪೆಲಿಂಗಿನಲ್ಲಿ ದೋಷವಿಲ್ಲ, ಅಕ್ಷರವೂ ದುಂಡಾಗಿದೆ. ಆದರೂ ಅಧ್ಯಾಪಕರ ಕೆಂಪು ಶಾಯಿಯ ಗೆರೆ ‘ಸಿನ್ಸ್’ ಎಂಬಲ್ಲಿ ಬೀಳುತ್ತದೆ. ಮರುವಾರದ ಪತ್ರದಲ್ಲಿ ಅದೇ ತಪ್ಪು ಮರುಕಳಿಸುತ್ತದೆ. ಇದನ್ನು ಅಲಕ್ಷ್ಯವೆಂದು ಎಣಿಸಿ ಗದರಿಸುವವರುಂಟು. ವಾಸ್ತವವಾಗಿ ಆ ಹುಡುಗನು ತನ್ನ ತಾಯ್ನುಡಿಯ ವ್ಯಾಕರಣವನ್ನು ಅತಿನಿಷ್ಠೆಯಿಂದ ಪಾಲಿಸಿದ್ದಾನೆ. ‘ಎರಡು ವರ್ಷದಿಂದ’ ಎಂದರೂ ಕನ್ನಡದಲ್ಲಿ ‘ಇಂದ’ವೇ, ‘2023ರಿಂದ’ ಎಂದರೂ ‘ಇಂದ’ವೇ. ಇಂಗ್ಲಿಷಾದರೋ ಕಾಲದ ಆರಂಭಬಿಂದುವಿಗೆ ‘ಸಿನ್ಸ್’ ಎಂದೂ, ಕಾಲದ ಅಳತೆಗೆ ‘ಫಾರ್’ ಎಂದೂ ಎರಡು ಬೇರೆ ಪದಗಳನ್ನು ಇಟ್ಟುಕೊಂಡಿದೆ. ಆದ್ದರಿಂದ ಸರಿಯಾದ ವಾಕ್ಯವು ‘ಐ ಹ್ಯಾವ್ ಬೀನ್ ಸ್ಟಡಿಯಿಂಗ್ ಇನ್ ತುಮಕೂರು ಫಾರ್ ಟೂ ಇಯರ್ಸ್’ ಎಂದಾಗಬೇಕು. ಕ್ರಿಯಾಪದವೂ ಬದಲಾಗಿರುವುದನ್ನು ಗಮನಿಸಬೇಕು. ಅದು ಬೇರೊಂದು ಪಾಠದ ವಿಷಯ.

ಕನ್ನಡದಲ್ಲಿ ನಾಮಪದದ ಸಂಬಂಧವನ್ನು ತಿಳಿಸುವ ಕೆಲಸ ಮುಖ್ಯವಾಗಿ ಪದದ ಕೊನೆಗೆ ಅಂಟುವ ವಿಭಕ್ತಿಪ್ರತ್ಯಯಗಳದು. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದ ಮೊದಲ್ಗೊಂಡು, ಇದೇ ಜಿಲ್ಲೆಯ ತೀರ್ಥಪುರದಲ್ಲಿ 1906ರಲ್ಲಿ ಜನಿಸಿದ ತೀ. ನಂ. ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’ದವರೆಗೆ ವೈಯಾಕರಣರು ಇವುಗಳನ್ನು ವಿವೇಚಿಸಿದ್ದಾರೆ. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಎಂದು ಏಳನ್ನೂ ಮಕ್ಕಳು ಕಂಠಪಾಠ ಮಾಡುತ್ತಾರೆ. ಇಂಗ್ಲಿಷಿನಲ್ಲಿ ಈ ಕಾರ್ಯವನ್ನು ನಾಮಪದಕ್ಕೆ ಮೊದಲು ಬಿಡಿಯಾಗಿ ನಿಲ್ಲುವ ಸಣ್ಣ ಪದಗಳು ನೆರವೇರಿಸುತ್ತವೆ. ಇವನ್ನು ‘ಉಪಸರ್ಗ’ಗಳೆಂದು ಕರೆಯುವ ರೂಢಿಯುಂಟು. ಆದರೆ ಸಂಸ್ಕೃತದ ಪ್ರ, ಪರಾ ಮೊದಲಾದ ಉಪಸರ್ಗಗಳು ಧಾತುವಿಗೆ ಹತ್ತಿಕೊಳ್ಳುವಂಥವು. ಪ್ರಿಪೊಸಿಷನ್ ಎಂಬ ಮೂಲಪದವನ್ನೇ ಬಳಸಿದರೆ ಗೊಂದಲ ಕಡಿಮೆ. ಪ್ರತ್ಯಯಗಳು ಏಳು, ಪ್ರಿಪೊಸಿಷನ್ನುಗಳು ಹಲವು ಹತ್ತು. ಒಂದಕ್ಕೊಂದು ಜೋಡಿ ಕಟ್ಟಲು ಹೊರಟವನಿಗೆ ಲೆಕ್ಕ ಹೊಂದುವುದೇ ಇಲ್ಲ.

ಈ ತೊಡಕು ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಸಪ್ತಮಿಯಲ್ಲಿ. ಕುಣಿಗಲಿನ ದೊಡ್ಡಕೆರೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕೆರೆಯಲ್ಲಿ ಮೀನಿದೆ, ಕೆರೆಯಲ್ಲಿ ತೆಪ್ಪ ತೇಲುತ್ತಿದೆ, ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದಾರೆ. ಮೂರು ವಾಕ್ಯಗಳಲ್ಲಿಯೂ ‘ಕೆರೆಯಲ್ಲಿ’ ಎಂಬ ಒಂದೇ ರೂಪ. ಕೇಳುವವನಿಗೆ ಯಾವ ಸಂದೇಹವೂ ಬರುವುದಿಲ್ಲ. ಮೀನು ಎಲ್ಲಿರುತ್ತದೆ, ತೆಪ್ಪ ಎಲ್ಲಿರುತ್ತದೆ ಎಂಬುದನ್ನು ಲೋಕಾನುಭವವೇ ತಿಳಿಸಿಕೊಡುತ್ತದೆ. ಇಂಗ್ಲಿಷು ಆ ಭೇದವನ್ನು ಬಾಯಿಬಿಟ್ಟು ಹೇಳಬೇಕೆನ್ನುತ್ತದೆ. ಮೀನನ್ನು ನೀರು ಸುತ್ತುವರಿದಿದೆ, ಆದುದರಿಂದ ‘ಇನ್ ದ ಲೇಕ್’. ತೆಪ್ಪವು ಮೇಲ್ಮೈಯನ್ನು ಆತುಕೊಂಡಿದೆ, ಆದುದರಿಂದ ‘ಆನ್ ದ ಲೇಕ್’. ಒಗೆಯುವವರಿಗೆ ಕೆರೆಯು ಬಂದು ಸೇರಿದ ಒಂದು ತಾಣ ಮಾತ್ರ, ಆದುದರಿಂದ ‘ಅಟ್ ದ ಲೇಕ್’. ಆವರಣ, ಮೇಲ್ಮೈ, ಬಿಂದು ಎಂಬ ಈ ಮೂರು ಚಿತ್ರಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡವನು ಅರ್ಧ ದಾರಿಯನ್ನು ಕ್ರಮಿಸಿದಂತೆಯೇ. ಮಾವಿನ ಮರದಲ್ಲಿರುವ ಹಣ್ಣು ಮರಕ್ಕೆ ಹತ್ತಿಕೊಂಡಿರುವುದರಿಂದ ‘ಆನ್ ದ ಟ್ರೀ’ ಆಗುತ್ತದೆ; ಅದೇ ಮರದ ಎಲೆಗಳ ನಡುವೆ ಕುಳಿತ ಕಾಗೆ ‘ಇನ್ ದ ಟ್ರೀ’ ಆಗುತ್ತದೆ.

ದೊಡ್ಡ ನಗರಕ್ಕೆ ‘ಇನ್’, ಸಣ್ಣ ಊರಿಗೆ ‘ಅಟ್’ ಎಂಬ ಸೂತ್ರವೊಂದು ತರಗತಿಗಳಲ್ಲಿ ಪ್ರಚಾರದಲ್ಲಿದೆ. ಅದು ಅರ್ಧ ಸತ್ಯ. ‘ರೈಲು ಗುಬ್ಬಿಯಲ್ಲಿ ನಿಂತಿತು’ ಎಂಬುದು ‘ಅಟ್ ಗುಬ್ಬಿ’. ತುಮಕೂರಿನಿಂದ ಅರಸೀಕೆರೆಗೆ ಸಾಗುವ ಹಾದಿಯಲ್ಲಿ ಅದೊಂದು ಬಿಂದು. ‘1884ರಲ್ಲಿ ಗುಬ್ಬಿಯಲ್ಲಿ ನಾಟಕ ಕಂಪನಿಯೊಂದು ಹುಟ್ಟಿತು’ ಎಂಬುದು ‘ಇನ್ ಗುಬ್ಬಿ’. ಅಲ್ಲಿ ಊರು ಬೀದಿಗಳೂ ಜನರೂ ಉಳ್ಳ ಆವರಣ. ಊರು ಅದೇ, ನೋಡುವ ದೃಷ್ಟಿ ಬೇರೆ. ಬಸ್ಸು, ರೈಲುಗಳ ಪ್ರಯಾಣಿಕನು ‘ಆನ್’ ಎನ್ನುತ್ತಾನೆ, ಕಾರಿನಲ್ಲಿರುವವನು ‘ಇನ್’ ಎನ್ನುತ್ತಾನೆ. ಎದ್ದು ನಡೆದಾಡಲು ಅವಕಾಶವಿರುವ ವಾಹನಕ್ಕೆ ‘ಆನ್’ ಎಂದು ನೆನಪಿಟ್ಟರೆ ಸಾಮಾನ್ಯವಾಗಿ ತಪ್ಪದು.

ಕಾಲದ ವಿಷಯದಲ್ಲಿ ಎಡವಿದರೆ ನಷ್ಟವೂ ಉಂಟು. ‘ಬೈ ಮಂಡೇ’ ಎಂದರೆ ಸೋಮವಾರದೊಳಗೆ, ಎಂದರೆ ಸೋಮವಾರವಾಗಲಿ ಅದಕ್ಕೆ ಮೊದಲಾಗಲಿ ಒಮ್ಮೆ ನಡೆದು ಮುಗಿಯಬೇಕಾದುದು. ‘ಅನ್‌ಟಿಲ್ ಮಂಡೇ’ ಎಂದರೆ ಸೋಮವಾರದವರೆಗೆ ಎಡೆಬಿಡದೆ ನಡೆಯುವುದು. ಅರ್ಜಿ ತಲುಪಬೇಕಾದುದು ‘ಬೈ’, ಕಚೇರಿ ತೆರೆದಿರುವುದು ‘ಅನ್‌ಟಿಲ್’. ಇಲ್ಲಿ ಕನ್ನಡವು ಅಡ್ಡಿಯಾಗುವುದಿಲ್ಲ, ಕೈಹಿಡಿದು ನಡೆಸುತ್ತದೆ. ‘ಒಳಗೆ’, ‘ವರೆಗೆ’ ಎಂಬ ಎರಡು ಸ್ಪಷ್ಟ ಪದಗಳು ನಮ್ಮಲ್ಲಿಯೇ ಇವೆ. ಆದರೆ ‘ಒಂದು ವಾರದಲ್ಲಿ ಶುಲ್ಕ ಕಟ್ಟಬೇಕು’ ಎಂಬುದನ್ನು ಪದಶಃ ತಿರುಗಿಸಿ ‘ಇನ್ ಎ ವೀಕ್’ ಎಂದವನು ಎಚ್ಚರದಿಂದಿರಬೇಕು. ಅದು ಸಾಮಾನ್ಯವಾಗಿ ವಾರ ಕಳೆಯುವ ಹೊತ್ತನ್ನು ಸೂಚಿಸುತ್ತದೆ. ವಾರ ಮೀರಬಾರದೆಂಬ ಕಟ್ಟಳೆಯನ್ನು ತಿಳಿಸುವುದು ‘ವಿದಿನ್ ಎ ವೀಕ್’. ಗಂಟೆಗೆ ‘ಅಟ್’, ದಿನಕ್ಕೆ ‘ಆನ್’, ತಿಂಗಳು ವರ್ಷಗಳಿಗೆ ‘ಇನ್’ ಎಂಬ ನಿಯಮ ಎಲ್ಲರಿಗೂ ತಿಳಿದದ್ದೇ. ‘ಇನ್ ದ ಮಾರ್ನಿಂಗ್’ ಎಂಬುದು ‘ಆನ್ ಮಂಡೇ ಮಾರ್ನಿಂಗ್’ ಆಗುವುದನ್ನು ಮಾತ್ರ ಮರೆಯುತ್ತಾರೆ.

ಇನ್ನು ಚತುರ್ಥಿ. ‘ತುಮಕೂರಿಗೆ ತಲುಪಿದನು’ ಎಂಬ ಕನ್ನಡದ ಬಲದಿಂದ ‘ರೀಚ್ಡ್ ಟು ತುಮಕೂರು’ ಹುಟ್ಟುತ್ತದೆ. ‘ಅವನಿಗೆ ಹೇಳಿದನು’ ಎಂಬುದರಿಂದ ‘ಟೋಲ್ಡ್ ಟು ಹಿಮ್’ ಹುಟ್ಟುತ್ತದೆ. ರೀಚ್, ಟೆಲ್, ಎಂಟರ್, ಡಿಸ್ಕಸ್ ಇವು ಪ್ರಿಪೊಸಿಷನ್ನನ್ನು ಬೇಡದೆ ನೇರವಾಗಿ ಕರ್ಮವನ್ನು ಹಿಡಿಯುತ್ತವೆ. ಇದಕ್ಕೆ ವಿರುದ್ಧವಾದುದು ‘ಕೇಳು’ ಎಂಬ ಧಾತು. ‘ನನ್ನನ್ನು ಕೇಳು’ ಎಂದರೆ ‘ಆಸ್ಕ್ ಮಿ’. ‘ನನ್ನ ಮಾತು ಕೇಳು’ ಎಂದರೆ ‘ಲಿಸನ್ ಟು ಮಿ’. ಕನ್ನಡದ ಒಂದೇ ಧಾತು ಪ್ರಶ್ನೆಗೂ ಶ್ರವಣಕ್ಕೂ ಒದಗುವುದರಿಂದ ಆ ‘ಟು’ ಕೈತಪ್ಪಿ ಹೋಗುತ್ತದೆ. ಇಂಥಲ್ಲಿ ತರ್ಕ ನಡೆಯದು. ಹಾವಿನ ಭಯವನ್ನೇ ನೋಡಬಹುದು: ಸಂಸ್ಕೃತದಲ್ಲಿ ಅದು ಪಂಚಮಿ, ಕನ್ನಡದಲ್ಲಿ ‘ಹಾವಿಗೆ ಹೆದರು’ ಎಂದು ಚತುರ್ಥಿ, ಇಂಗ್ಲಿಷಿನಲ್ಲಿ ‘ಅಫ್ರೇಡ್ ಆಫ್’. ಹಾವು ಒಂದೇ, ಹೆದರಿಕೆಯೂ ಒಂದೇ. ನಮ್ಮ ನುಡಿಯೊಳಗೇ ಬಳ್ಳಿಯು ‘ಮರಕ್ಕೆ’ ಹಬ್ಬುತ್ತದೆ, ‘ಮರವನ್ನು’ ಹಬ್ಬುತ್ತದೆ. ಇದನ್ನು ವಿಭಕ್ತಿಪಲ್ಲಟವೆಂದು ಹೆಸರಿಟ್ಟು ವ್ಯಾಕರಣವು ಒಪ್ಪಿಕೊಂಡಿದೆ. ಮನೆಯಲ್ಲಿ ಒಪ್ಪಿದ ರೂಢಿಯ ಅಧಿಕಾರವನ್ನು ಪರಭಾಷೆಯಲ್ಲಿ ನಿರಾಕರಿಸುವುದು ಹೇಗೆ?

ಆದುದರಿಂದ ಪ್ರಿಪೊಸಿಷನ್ನುಗಳ ಪಟ್ಟಿಯನ್ನು ಬೇರೆಯಾಗಿ ಉರುಹಾಕುವುದು ವ್ಯರ್ಥಶ್ರಮ. ಕ್ರಿಯಾಪದದೊಡನೆಯೇ ಅದನ್ನು ಕಲಿಯಬೇಕು, ಜೋಡೆತ್ತುಗಳನ್ನು ಒಟ್ಟಿಗೆ ಕೊಳ್ಳುವಂತೆ. ಈ ಅಗತ್ಯವನ್ನು ಮೊದಲೇ ಕಂಡವರಲ್ಲಿ ಎ. ಎಸ್. ಹಾರ್ನ್‌ಬಿ ಒಬ್ಬರು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅವರು ಪರಭಾಷಿಕರಿಗಾಗಿ ಸಹೋದ್ಯೋಗಿಗಳೊಡನೆ ರಚಿಸಿದ ನಿಘಂಟು 1942ರಲ್ಲಿ ಅಲ್ಲಿಯೇ ಪ್ರಕಟವಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯವು ಅದನ್ನು ಹೊರತಂದಿತು. ಕ್ರಿಯಾಪದವು ವಾಕ್ಯದಲ್ಲಿ ಯಾವ ಬಗೆಯ ಜೊತೆಯನ್ನು ಬಯಸುತ್ತದೆಂಬುದನ್ನು ತೋರಿಸುವುದೇ ಅದರ ವೈಶಿಷ್ಟ್ಯ. ಇಂಥ ನಿಘಂಟಿನಲ್ಲಿ ಅಕ್ಯೂಸ್, ಬ್ಲೇಮ್, ಚಾರ್ಜ್ ಎಂಬ ಮೂರನ್ನು ವಿದ್ಯಾರ್ಥಿಯು ಹುಡುಕಿ ನೋಡಲಿ. ಕನ್ನಡದಲ್ಲಿ ಮೂರಕ್ಕೂ ‘ತಪ್ಪು ಹೊರಿಸು’ ಎಂದರೆ ಸಾಕು. ಅಲ್ಲಿ ಮೊದಲನೆಯದಕ್ಕೆ ‘ಆಫ್’, ಎರಡನೆಯದಕ್ಕೆ ‘ಫಾರ್’, ಮೂರನೆಯದಕ್ಕೆ ‘ವಿತ್’ ಜೊತೆಯಾಗಿ ನಿಂತಿರುವುದು ಕಾಣುತ್ತದೆ.