ದಿನಸಿ ಖರೀದಿಯಲ್ಲಿ ಮಿತವ್ಯಯ: ಗ್ರಾಹಕರು ತಿಳಿದಿರಬೇಕಾದ ಸಂಗತಿಗಳು

ಕುಟುಂಬದ ಆದಾಯ ಹೆಚ್ಚಿರಲಿ, ಕಡಿಮೆಯಿರಲಿ, ಪ್ರತಿ ತಿಂಗಳೂ ತಪ್ಪದೆ ಮಾಡಬೇಕಾದ ವೆಚ್ಚವೆಂದರೆ ಆಹಾರದ ವೆಚ್ಚ. 2023-24ನೇ ಸಾಲಿನ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ನಗರವಾಸಿಗಳು ತಮ್ಮ ಮಾಸಿಕ ಬಳಕೆ ವೆಚ್ಚದ ಸುಮಾರು ಶೇ. 40ರಷ್ಟನ್ನು, ಗ್ರಾಮವಾಸಿಗಳು ಸುಮಾರು ಶೇ. 47ರಷ್ಟನ್ನು ಆಹಾರಕ್ಕಾಗಿಯೇ ವಿನಿಯೋಗಿಸುತ್ತಾರೆ. ಮನೆಬಾಡಿಗೆ, ಶಾಲಾ ಶುಲ್ಕ, ವಿದ್ಯುತ್ ಬಿಲ್ಲು ಮೊದಲಾದವುಗಳ ಮೊತ್ತ ಬಹುಮಟ್ಟಿಗೆ ನಿಗದಿಯಾಗಿರುತ್ತದೆ. ಆದ್ದರಿಂದ ಕೈ ಬಿಗಿಹಿಡಿಯಬೇಕಾಗಿ ಬಂದಾಗ ಎಲ್ಲರ ದೃಷ್ಟಿಯೂ ದಿನಸಿಯ ಚೀಟಿಯ ಮೇಲೆಯೇ ಬೀಳುವುದು ಸಹಜ.

ಆದರೆ ಮಿತವ್ಯಯವೆಂದರೆ ಊಟವನ್ನು ಕಡಿಮೆ ಮಾಡುವುದಲ್ಲ. ಬೆಲೆ ಏರಿದಾಗ ಬೇಳೆ ನೀರಾಗುತ್ತದೆ, ಹಾಲು ಅರ್ಧವಾಗುತ್ತದೆ. ಅನೇಕ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಗೃಹಿಣಿಯ ತಟ್ಟೆ ಬರಿದಾಗುತ್ತದೆ. ಇದು ಉಳಿತಾಯವಲ್ಲ, ಇದರ ಬೆಲೆಯನ್ನು ಮುಂದೆ ಮಕ್ಕಳ ಮತ್ತು ತಾಯಂದಿರ ಆರೋಗ್ಯವು ತೆರಬೇಕಾಗುತ್ತದೆ. ಅದೇ ಆಹಾರವನ್ನು, ಅದೇ ಪ್ರಮಾಣದಲ್ಲಿ, ಕಡಿಮೆ ಹಣಕ್ಕೆ ಪಡೆಯುವುದೇ ನಿಜವಾದ ಉಳಿತಾಯ. ಇದಕ್ಕೆ ಬೇಕಾದುದು ಅಳತೆಯ ಅರಿವು ಮತ್ತು ಹಕ್ಕಿನ ಅರಿವು.

ಬೆಲೆಯ ಜೊತೆಗೆ ಅಳತೆಯನ್ನೂ ನೋಡಿ

ಪೊಟ್ಟಣದ ಮೇಲೆ ಗ್ರಾಹಕನ ಕಣ್ಣಿಗೆ ಮೊದಲು ಬೀಳುವುದು ಅದರ ಬೆಲೆ. ಅದರ ಪಕ್ಕದಲ್ಲೇ ಮುದ್ರಿತವಾಗಿರುವ ನಿವ್ವಳ ತೂಕವನ್ನು ಓದುವವರು ಕಡಿಮೆ. ಹಿಂದೆ ಚಹಾ, ಖಾದ್ಯ ತೈಲ, ಬಿಸ್ಕತ್ತು ಮುಂತಾದ ಹಲವು ಪದಾರ್ಥಗಳನ್ನು ನಿಗದಿತ ತೂಕಗಳ ಪೊಟ್ಟಣಗಳಲ್ಲಿಯೇ ಮಾರಬೇಕೆಂಬ ನಿಯಮವಿತ್ತು. ಪೊಟ್ಟಣ ಸಾಮಗ್ರಿಗಳಿಗೆ ಸಂಬಂಧಿಸಿದ 2011ರ ಕಾನೂನು ಮಾಪನಶಾಸ್ತ್ರ ನಿಯಮಗಳಿಗೆ 2021ರಲ್ಲಿ ಮಾಡಲಾದ ತಿದ್ದುಪಡಿಯಿಂದ ಈ ನಿರ್ಬಂಧವು ತೆಗೆದುಹಾಕಲ್ಪಟ್ಟಿತು. ಅದಕ್ಕೆ ಬದಲಾಗಿ ಪ್ರತಿ ಪೊಟ್ಟಣದ ಮೇಲೂ ಏಕಮಾನ ಮಾರಾಟ ಬೆಲೆಯನ್ನು ನಮೂದಿಸಬೇಕೆಂದು ವಿಧಿಸಲಾಯಿತು. ಒಂದು ಕಿಲೋಗ್ರಾಂಗಿಂತ ಕಡಿಮೆ ತೂಕದ ಪೊಟ್ಟಣದಲ್ಲಿ ಗ್ರಾಂ ಒಂದಕ್ಕೆ ಎಷ್ಟು, ಹೆಚ್ಚಿನ ತೂಕದ್ದರಲ್ಲಿ ಕಿಲೋಗ್ರಾಂ ಒಂದಕ್ಕೆ ಎಷ್ಟು ಎಂಬುದನ್ನು ಇದು ತಿಳಿಸುತ್ತದೆ. ದ್ರವ ಪದಾರ್ಥಗಳಿಗೆ ಇದೇ ರೀತಿ ಮಿಲಿಲೀಟರ್ ಅಥವಾ ಲೀಟರ್ ಲೆಕ್ಕ ಇರುತ್ತದೆ.

ಅಡುಗೆ ಎಣ್ಣೆಯ ಉದಾಹರಣೆಯನ್ನು ಪರಿಶೀಲಿಸಬಹುದು. ಒಂದು ಲೀಟರ್ ಎಣ್ಣೆಯ ತೂಕ ಒಂದು ಕಿಲೋಗ್ರಾಂ ಅಲ್ಲ. ಅದು ಸುಮಾರು 910 ಗ್ರಾಂ. ಅಂಗಡಿಯಲ್ಲಿ 1 ಲೀಟರಿನ ಒಂದು ಪೊಟ್ಟಣಕ್ಕೆ 150 ರೂಪಾಯಿ, ಅದೇ ಗಾತ್ರದಂತೆ ಕಾಣುವ 850 ಗ್ರಾಂ ತೂಕದ ಇನ್ನೊಂದಕ್ಕೆ 145 ರೂಪಾಯಿ ಇದೆಯೆಂದು ಭಾವಿಸೋಣ. ಮೇಲುನೋಟಕ್ಕೆ ಎರಡನೆಯದು 5 ರೂಪಾಯಿ ಅಗ್ಗ. ಲೆಕ್ಕ ಹಾಕಿದರೆ ಮೊದಲನೆಯದು ಕಿಲೋ ಒಂದಕ್ಕೆ ಸುಮಾರು 165 ರೂಪಾಯಿ, ಎರಡನೆಯದು ಸುಮಾರು 171 ರೂಪಾಯಿ. ಅಗ್ಗವೆಂದು ತೋರಿದ್ದೇ ದುಬಾರಿಯಾಯಿತು. ಒಂದರ ಮೇಲೆ ಲೀಟರಿನ ಲೆಕ್ಕ, ಇನ್ನೊಂದರ ಮೇಲೆ ಗ್ರಾಂ ಲೆಕ್ಕ ಇದ್ದಾಗ ಎರಡನ್ನೂ ತೂಕಕ್ಕೆ ಪರಿವರ್ತಿಸಿ ಹೋಲಿಸುವುದು ಅಗತ್ಯ.

ಸಣ್ಣ ಪೊಟ್ಟಣದ ದೊಡ್ಡ ಬೆಲೆ

ದಿನಗೂಲಿಯಿಂದ ಜೀವನ ಸಾಗಿಸುವ ಕುಟುಂಬವು ಅಂದಂದಿನ ಸಾಮಾನನ್ನು ಅಂದಂದೇ ಕೊಳ್ಳುತ್ತದೆ. 250 ಗ್ರಾಂ ಚಹಾಪುಡಿಗೆ 150 ರೂಪಾಯಿ, 14 ಗ್ರಾಂನ ಚಿಕ್ಕ ಪೊಟ್ಟಣಕ್ಕೆ 10 ರೂಪಾಯಿ ಇದೆಯೆಂದು ಇಟ್ಟುಕೊಂಡರೆ, ಮೊದಲನೆಯದರಲ್ಲಿ ಗ್ರಾಂ ಒಂದಕ್ಕೆ 60 ಪೈಸೆ, ಎರಡನೆಯದರಲ್ಲಿ ಸುಮಾರು 71 ಪೈಸೆ ಬೀಳುತ್ತದೆ. ತಿಂಗಳಿಗೆ ಅರ್ಧ ಕಿಲೋ ಚಹಾಪುಡಿ ಬಳಸುವ ಮನೆಗೆ ಇದರಿಂದ ಸುಮಾರು 57 ರೂಪಾಯಿ ಹೆಚ್ಚು ಖರ್ಚಾಗುತ್ತದೆ. ಅಂದರೆ, ಕೈಯಲ್ಲಿ ಹಣ ಕಡಿಮೆಯಿದ್ದವರೇ ಅದೇ ವಸ್ತುವಿಗೆ ಹೆಚ್ಚು ಬೆಲೆ ಕೊಡುತ್ತಾರೆ. ಎಲ್ಲವನ್ನೂ ಒಮ್ಮೆಗೇ ಕೊಳ್ಳಲು ಸಾಧ್ಯವಾಗದಿದ್ದರೂ ತಿಂಗಳಿಗೆ ಒಂದೊಂದು ಪದಾರ್ಥವನ್ನು ದೊಡ್ಡ ಪ್ರಮಾಣದಲ್ಲಿ ಕೊಳ್ಳುತ್ತ ಬಂದರೆ ಕೆಲವೇ ತಿಂಗಳಲ್ಲಿ ಈ ಸುಳಿಯಿಂದ ಹೊರಬರಬಹುದು.

ಹಾಗೆಂದು ದೊಡ್ಡ ಪೊಟ್ಟಣವು ಯಾವಾಗಲೂ ಅಗ್ಗವೆಂದು ನಂಬಬೇಕಾಗಿಲ್ಲ. ಕೆಲವು ಪದಾರ್ಥಗಳಲ್ಲಿ ಚಿಕ್ಕ ಪೊಟ್ಟಣವೇ ಲಾಭಕರವಾಗಿರುವುದುಂಟು. "ಒಂದು ಕೊಂಡರೆ ಒಂದು ಉಚಿತ" ಎಂಬ ಕೊಡುಗೆಗಳಲ್ಲಿ ಬಳಕೆಯ ಅಂತಿಮ ದಿನಾಂಕವನ್ನು ನೋಡಬೇಕು. ಬಳಸುವ ಮೊದಲೇ ಹಾಳಾಗುವ ವಸ್ತು ಉಚಿತವಾಗಿ ಬಂದರೂ ನಷ್ಟವೇ.

ಬಿಡಿ ಸಾಮಾನು ಮತ್ತು ಸರಿಯಾದ ತೂಕ

ಅಕ್ಕಿ, ಬೇಳೆ, ಹಿಟ್ಟು ಮುಂತಾದವುಗಳನ್ನು ಬಿಡಿಯಾಗಿ ತೂಗಿಸಿ ಕೊಂಡರೆ ಸರಕು ಮತ್ತು ಸೇವಾ ತೆರಿಗೆ ಇರುವುದಿಲ್ಲ. ಮೊದಲೇ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ, 25 ಕಿಲೋವರೆಗಿನ ಇಂತಹ ಧಾನ್ಯಗಳಿಗೆ 2022ರ ಜುಲೈ 18ರಿಂದ ಶೇ. 5ರ ತೆರಿಗೆ ಅನ್ವಯಿಸುತ್ತದೆ. ಜೋಳ, ರಾಗಿ, ಗೋಧಿಗಳನ್ನು ಕಾಳಾಗಿಯೇ ಕೊಂಡು ಹತ್ತಿರದ ಗಿರಣಿಯಲ್ಲಿ ಬೀಸಿಸುವ ಹಳೆಯ ಪದ್ಧತಿಯು ಅನೇಕ ವೇಳೆ ಸಿದ್ಧ ಹಿಟ್ಟಿಗಿಂತ ಅಗ್ಗ. ಹಿಟ್ಟೂ ತಾಜಾ ಆಗಿರುತ್ತದೆ.

ಆದರೆ ಬಿಡಿ ಖರೀದಿಯಲ್ಲಿ ತೂಕದ ಮೇಲೆ ನಿಗಾ ಇರಬೇಕು. ತಕ್ಕಡಿ ಮತ್ತು ತೂಕದ ಬಟ್ಟುಗಳ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು. ವಿದ್ಯುನ್ಮಾನ ತಕ್ಕಡಿಯಾದರೆ ಸಾಮಾನು ಇಡುವ ಮೊದಲು ಸೊನ್ನೆ ತೋರಿಸುತ್ತಿದೆಯೇ ಎಂದು ಗಮನಿಸಬೇಕು. ಸಿಹಿತಿಂಡಿಯನ್ನು ಪೆಟ್ಟಿಗೆಯ ಸಮೇತ ತೂಗಿ ಅಷ್ಟಕ್ಕೂ ಹಣ ಪಡೆಯುವುದು ನಿಯಮಕ್ಕೆ ವಿರುದ್ಧವಾದುದು. ಕಿಲೋಗೆ 50 ಗ್ರಾಂ ಕಡಿಮೆ ತೂಗಿದರೂ ಬೆಲೆ ಶೇ. 5ರಷ್ಟು ಹೆಚ್ಚಾದಂತೆಯೇ ಸರಿ.

ಸುಗ್ಗಿಯ ಕಾಲವನ್ನು ಅರಿತು ಕೊಳ್ಳಿ

ಕೃಷಿ ಉತ್ಪನ್ನಗಳ ಬೆಲೆ ಋತುಮಾನದೊಂದಿಗೆ ಏರಿಳಿಯುತ್ತದೆ. ಕಲಬುರಗಿಯ ತೊಗರಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕಟಾವಾಗಿ ಮಾರುಕಟ್ಟೆಗೆ ಬರುತ್ತದೆ. ಬೇಳೆಯ ಸಂಗ್ರಹಕ್ಕೆ ಅದರ ಮರುತಿಂಗಳುಗಳು ಯೋಗ್ಯವಾದವು. ಹಿಂಗಾರಿನ ಈರುಳ್ಳಿ ಮಾರ್ಚ್‌ನಿಂದ ಮೇವರೆಗೆ ಕೀಳಲ್ಪಡುತ್ತದೆ. ಆ ದಾಸ್ತಾನು ಕರಗಿ, ಮುಂಗಾರಿನ ಬೆಳೆ ಇನ್ನೂ ಬಾರದ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬೆಲೆ ಏರುವುದು ಮತ್ತೆ ಮತ್ತೆ ಕಂಡುಬಂದಿದೆ. ಟೊಮೆಟೊ ಕೂಡಿಡಲು ಬರುವುದಿಲ್ಲ; 2023ರ ಜುಲೈನಲ್ಲಿ ಅದರ ಬೆಲೆ ಗಗನಕ್ಕೇರಿದಾಗ ಹುಣಸೆಹಣ್ಣಿನಿಂದ ಸಾರು ಮಾಡಿದ ಮನೆಗಳಿಗೆ ಹೆಚ್ಚಿನ ಹೊರೆ ಬೀಳಲಿಲ್ಲ.

ಮುಂಬಯಿ, ಚೆನ್ನೈಗಳಂತಹ ಕಡಲತೀರದ ನಗರಗಳಲ್ಲಿ ಗಾಳಿಯಲ್ಲಿ ತೇವಾಂಶ ಹೆಚ್ಚು, ಮನೆಗಳೂ ಚಿಕ್ಕವು. ಅಲ್ಲಿ ವರ್ಷದ ದವಸವನ್ನು ತುಂಬಿಡುವುದು ಸೂಕ್ತವಲ್ಲ. ಎರಡು ತಿಂಗಳಿಗಾಗುವಷ್ಟು ಬೇಳೆ ಕಾಳುಗಳನ್ನು ಬಿಸಿಲಿನಲ್ಲಿ ಒಣಗಿಸಿ, ಆರಿದ ಮೇಲೆ ಬಿಗಿಯಾದ ಮುಚ್ಚಳದ ಡಬ್ಬಿಗಳಲ್ಲಿ ತುಂಬಿಡಬಹುದು. ಒಣಗಿದ ಬೇವಿನ ಎಲೆ ಹಾಕುವ ರೂಢಿ ಇಂದಿಗೂ ಉಪಯುಕ್ತ.

ಕೂಡಿ ಕೊಂಡರೆ ಲಾಭ

ಒಂಟಿ ಕುಟುಂಬಕ್ಕೆ ಎಟುಕದ ಸಗಟು ಬೆಲೆ ಹತ್ತು ಕುಟುಂಬಗಳು ಒಂದಾದರೆ ಎಟುಕುತ್ತದೆ. 1975ರಲ್ಲಿ ಆರಂಭವಾದ ಮುಂಬಯಿ ಗ್ರಾಹಕ ಪಂಚಾಯತ್ ಇದಕ್ಕೆ ಉತ್ತಮ ನಿದರ್ಶನ. ನೆರೆಹೊರೆಯ ಕುಟುಂಬಗಳು ಗುಂಪು ರಚಿಸಿಕೊಂಡು, ತಿಂಗಳ ಬೇಡಿಕೆಯನ್ನು ಮುಂಚಿತವಾಗಿ ಸಲ್ಲಿಸಿ, ಒಟ್ಟಾಗಿ ತರಿಸಿದ ಸಾಮಗ್ರಿಯನ್ನು ತಮ್ಮಲ್ಲೇ ಹಂಚಿಕೊಳ್ಳುತ್ತವೆ. ಚೆನ್ನೈಯ ಟ್ರಿಪ್ಲಿಕೇನ್ ನಗರ ಸಹಕಾರ ಸಂಘವು 1904ರಷ್ಟು ಹಿಂದೆಯೇ ಗ್ರಾಹಕ ಸಹಕಾರದ ದಾರಿಯನ್ನು ತೋರಿಸಿತು. ದೆಹಲಿಯಲ್ಲಿ 1963ರಲ್ಲಿ ಸ್ಥಾಪಿತವಾದ ಕೇಂದ್ರೀಯ ಭಂಡಾರವಿದೆ. ಹೈದರಾಬಾದಿನ ರೈತು ಬಜಾರುಗಳಲ್ಲಿ 1999ರಿಂದ ರೈತರು ತರಕಾರಿಯನ್ನು ನೇರವಾಗಿ ಗ್ರಾಹಕರಿಗೆ ಮಾರುತ್ತಿದ್ದಾರೆ. ಒಂದೇ ವಠಾರದಲ್ಲಿ ಅಥವಾ ಒಂದೇ ಬಡಾವಣೆಯಲ್ಲಿ ವಾಸಿಸುವ ನಾಲ್ಕಾರು ಕುಟುಂಬಗಳು ಒಂದು ಅಕ್ಕಿ ಮೂಟೆಯನ್ನೋ ಒಂದು ಡಬ್ಬ ಎಣ್ಣೆಯನ್ನೋ ಕೂಡಿ ಕೊಂಡು ಹಂಚಿಕೊಳ್ಳಲು ಯಾವ ಸಂಸ್ಥೆಯ ನೆರವೂ ಬೇಕಾಗಿಲ್ಲ.

ಪರಸ್ಥಳದಲ್ಲಿಯೂ ಪಡಿತರ

ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳಿಂದ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋದವರಲ್ಲಿ ಹಲವರು ತಮ್ಮ ಪಡಿತರ ಚೀಟಿಯನ್ನು ಊರಿನಲ್ಲಿಯೇ ಬಿಟ್ಟು, ನಗರದಲ್ಲಿ ಪೂರ್ಣ ಬೆಲೆ ಕೊಟ್ಟು ಅಕ್ಕಿ ಕೊಳ್ಳುತ್ತಾರೆ. ಇದರ ಅಗತ್ಯವಿಲ್ಲ. 2019ರಲ್ಲಿ ಆರಂಭವಾದ "ಒಂದು ರಾಷ್ಟ್ರ, ಒಂದು ಪಡಿತರ ಚೀಟಿ" ಯೋಜನೆ 2022ರ ಜೂನ್ ವೇಳೆಗೆ ಎಲ್ಲ ರಾಜ್ಯಗಳನ್ನೂ ಕೇಂದ್ರಾಡಳಿತ ಪ್ರದೇಶಗಳನ್ನೂ ತಲುಪಿದೆ. ರಾಷ್ಟ್ರೀಯ ಆಹಾರ ಭದ್ರತಾ ಅಧಿನಿಯಮ, 2013ರ ವ್ಯಾಪ್ತಿಗೆ ಬರುವ ಆದ್ಯತಾ ಕುಟುಂಬದ ಪ್ರತಿ ಸದಸ್ಯನಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಆಹಾರಧಾನ್ಯ ಸಲ್ಲುತ್ತದೆ. 2024ರ ಜನವರಿ 1ರಿಂದ ಐದು ವರ್ಷಗಳವರೆಗೆ ಇದು ಉಚಿತ. ಪಡಿತರ ಚೀಟಿಯ ಅಥವಾ ಆಧಾರ್ ಸಂಖ್ಯೆಯನ್ನು ತಿಳಿಸಿ, ಬೆರಳಚ್ಚು ನೀಡಿ, ದೇಶದ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲಿ ಇದನ್ನು ಪಡೆಯಬಹುದು. ತಾವು ಇದ್ದಲ್ಲಿ ತಮ್ಮ ಪಾಲನ್ನು ಪಡೆದು, ಊರಿನಲ್ಲಿರುವ ತಂದೆತಾಯಿಯರಿಗೆ ಉಳಿದ ಪಾಲನ್ನು ಬಿಡಲೂ ಅವಕಾಶವಿದೆ. ಆದರೆ ರಾಜ್ಯ ಸರ್ಕಾರವು ತನ್ನದಾಗಿ ನೀಡುವ ಹೆಚ್ಚುವರಿ ಸೌಲಭ್ಯಗಳು ಹೊರರಾಜ್ಯದಲ್ಲಿ ದೊರೆಯುವುದಿಲ್ಲ.

ನಾಲ್ಕು ಜನರ ಕುಟುಂಬಕ್ಕೆ ಇದು ತಿಂಗಳಿಗೆ 20 ಕಿಲೋ ಧಾನ್ಯ. ಕಿಲೋಗೆ 40 ರೂಪಾಯಿಯಂತೆ ಲೆಕ್ಕ ಹಾಕಿದರೂ 800 ರೂಪಾಯಿ ಉಳಿಯುತ್ತದೆ. ಮೇಲೆ ಹೇಳಿದ ಬೇರೆ ಯಾವ ಕ್ರಮದಿಂದಲೂ ಬಡ ಕುಟುಂಬಕ್ಕೆ ಇಷ್ಟು ಉಳಿತಾಯವಾಗುವುದು ಕಷ್ಟ. ಆ ಹಣದಿಂದ ಬೇಳೆ, ಹಾಲು, ಸೊಪ್ಪು ಕೊಳ್ಳಬಹುದು.

ರಸೀದಿ ಪಡೆಯಿರಿ, ದೂರು ನೀಡಿ

ಪೊಟ್ಟಣದ ಮೇಲಿನ ಗರಿಷ್ಠ ಚಿಲ್ಲರೆ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಕಡಿಮೆಗೆ ಕೊಡಲು ಮಾತ್ರ ಅಡ್ಡಿಯಿಲ್ಲ. ಖರೀದಿಗೆ ರಸೀದಿ ಪಡೆಯುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ವಂಚನೆಯಾದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ದೂರು ಹೇಳಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಮೇರೆಗೆ ಗ್ರಾಹಕರು ತಾವು ವಾಸಿಸುವ ಅಥವಾ ಕೆಲಸ ಮಾಡುವ ಸ್ಥಳದ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸಬಹುದು. ಖರೀದಿಯ ಮೊತ್ತ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ.

ಹನಿಗೂಡಿ ಹಳ್ಳ ಎಂಬ ಮಾತು ದಿನಸಿಯ ಲೆಕ್ಕಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಕೊಂಡದ್ದನ್ನೂ ಕೊಟ್ಟ ಬೆಲೆಯನ್ನೂ ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ, ಹಣ ಎಲ್ಲಿ ಸೋರುತ್ತಿದೆ ಎಂಬುದು ಎರಡು ಮೂರು ತಿಂಗಳಲ್ಲೇ ತಿಳಿಯುತ್ತದೆ. ಹೀಗೆ ಉಳಿದ ಹಣದಲ್ಲಿ ಮೊದಲ ಪಾಲು ಮನೆಯವರೆಲ್ಲರ ತಟ್ಟೆಗೇ ಮರಳಿ ಬರಬೇಕು. ಕೊನೆಗೆ ಉಣ್ಣುವವರ ತಟ್ಟೆಗೂ.