ತಲೆ ಬಗ್ಗಿಸಿದವಳು

ಶಾಲೆಯ ನೋಟ್‌ಬುಕ್ಕಿನಷ್ಟು ಚಿತ್ರ. ಎತ್ತರ ಸುಮಾರು 24 ಸೆಂ.ಮೀ., ಅಗಲ 21. ಡಚ್ ಕಲಾವಿದ ಯೋಹಾನೆಸ್ ವರ್ಮೀರ್ 1669-70ರ ಸುಮಾರಿಗೆ ಬರೆದ ಈ ‘ಲೇಸ್ ಹೆಣೆಯುವವಳು’ ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದ್ದಾಳೆ. ಅವಳನ್ನು ಸರಿಯಾಗಿ ಕಾಣಬೇಕಾದರೆ ನಾವೂ ಅವಳಂತೆಯೇ ಬಗ್ಗಬೇಕು.

ಹಳದಿ ಉಡುಪು, ಅಗಲವಾದ ಬಿಳಿ ಕಾಲರು. ಬಲಗಡೆಯಿಂದ ಬಿದ್ದ ಬೆಳಕು ಹಣೆ ಸವರಿ ಬೆರಳ ತುದಿಗೆ ಬಂದು ಕೂತಿದೆ. ಕೈಗಳ ನಡುವೆ ಬಿಗಿದ ಬಿಳಿ ಎಳೆಗಳು ಕೂದಲಿನಷ್ಟು ತೆಳು, ಆದರೂ ಎಣಿಸಬಹುದು. ಮುಂದುಗಡೆಯದೇ ಬೇರೆ ಕತೆ. ನೀಲಿ ಹೊಲಿಗೆ ದಿಂಬಿನ ಬಾಯಿಂದ ಕೆಂಪು, ಬಿಳಿ ದಾರಗಳು ಹೊರಚೆಲ್ಲಿವೆ. ದಾರವೆನ್ನುವುದಕ್ಕಿಂತ ಕುಂಚದಿಂದ ಜಾರಿದ ಬಣ್ಣವೆಂದರೇ ಸರಿ. ಅವಳಿಗೆ ಅತ್ತ ಗಮನವೇ ಇಲ್ಲ.

ಪಕ್ಕದಲ್ಲೊಂದು ಪುಟ್ಟ ಪುಸ್ತಕ, ಪ್ರಾರ್ಥನೆಯದ್ದಿರಬೇಕು. ಆ ಕಾಲದ ಹಾಲೆಂಡಿನಲ್ಲಿ ತಲೆ ಬಗ್ಗಿಸಿ ಕೈಕೆಲಸಕ್ಕೆ ಕೂತವಳೆಂದರೆ, ನಮ್ಮ ಹಿರಿಯರ ಮಾತಿನಲ್ಲಿ, ‘ಲಕ್ಷಣವಾದ ಹುಡುಗಿ’. ಕೈ ಖಾಲಿಯಿಲ್ಲ, ಕಣ್ಣು ಅತ್ತಿತ್ತ ಹೊರಳುವುದಿಲ್ಲ. ನನಗೇನೋ ಆ ಚೆಲ್ಲಿದ ಕೆಂಪು ದಾರದ ಮೇಲೇ ಕಣ್ಣು. ಅಷ್ಟು ಲಕ್ಷಣದ ಮನೆಯಲ್ಲಿ ಅದನ್ನು ಹಾಗೇ ಬಿಟ್ಟ ವರ್ಮೀರ್ ಜಾಣ.

ಅದೇ ಕೈಕೆಲಸ ಲಂಡನ್ನಿಗೆ ಬರುವಾಗ ಹಸಿವಾಗಿತ್ತು. ಅಂಗಿ ಹೊಲಿದು ಸವೆಯುವ ಹೆಣ್ಣಿನ ಬಗ್ಗೆ ಥಾಮಸ್ ಹುಡ್ ಬರೆದ ಕವಿತೆ 1843ರಲ್ಲಿ ‘ಪಂಚ್’ ಪತ್ರಿಕೆಯಲ್ಲಿ ಬಂತು. ಅದರ ಬೆನ್ನಿಗೇ ರಿಚರ್ಡ್ ರೆಡ್‌ಗ್ರೇವ್ ಅವಳ ಚಿತ್ರ ಬರೆದ. ಬಡ ಕೋಣೆ, ಮೇಣದಬತ್ತಿ. ಗಡಿಯಾರದಲ್ಲಿ ರಾತ್ರಿ ಎರಡೂವರೆ. ತೊಡೆಯ ಮೇಲೆ ಇನ್ನೂ ಮುಗಿಯದ ಬಟ್ಟೆ. ಇವಳು ತಲೆ ಎತ್ತಿದ್ದಾಳೆ. ಆದರೆ ಪುಡಿಗಾಸು ಕೊಟ್ಟು ದುಡಿಸಿಕೊಂಡವನ ಕಡೆಗಲ್ಲ, ಆಕಾಶದ ಕಡೆಗೆ. ಚಿತ್ರ ನೋಡಲು ಬರುವ ಸ್ಥಿತಿವಂತರಿಗೆ ಅದೇ ಅನುಕೂಲ: ಕಣ್ಣೊದ್ದೆ ಮಾಡಿಕೊಳ್ಳಬಹುದು, ಲೆಕ್ಕ ಕೊಡಬೇಕಿಲ್ಲ.

ಇಬ್ಬರೂ ಒಂಟಿ. ಇಬ್ಬರದೂ ಮುಚ್ಚಿದ ಬಾಯಿ. ಉತ್ತರ ಕರ್ನಾಟಕದ ಕಡೆ ಕೌದಿ ಹೊಲಿಯುವುದನ್ನು ಕಂಡವರು ಈ ಮೌನವನ್ನು ಅಷ್ಟು ಸುಲಭಕ್ಕೆ ನಂಬಲಾರರು. ಹಳೇ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ನಾಲ್ಕು ಮಂದಿ ಸುತ್ತ ಕೂತರೆಂದರೆ ಸೂಜಿಗಿಂತ ಮುಂಚೆ ನಾಲಿಗೆ ಓಡುತ್ತದೆ. ಅತ್ತೆ, ನಾದಿನಿ, ಪಕ್ಕದ ಮನೆಯ ಸಾಲ, ಎಲ್ಲವೂ ಬರುತ್ತವೆ. ದಾರ ಮುಗಿದಾಗ ಹಲ್ಲಲ್ಲಿ ಕಡಿಯುವಷ್ಟು ಹೊತ್ತು ಮಾತು ನಿಲ್ಲುತ್ತದೆ.